ವೀಸಾ ಬೇಡದ ದೇಶಕ್ಕೆ ಹೊರಟದ್ದು

ಸುಳ್ಳು ಹೇಳುವುದು ನನಗೆ ಬಾರದ ವಿದ್ಯೆಯೇನಲ್ಲ. ನೆಂಟರ ಮನೆಯಲ್ಲಿ ಹಸಿದು ಕೂತು ‘ಈಗಷ್ಟೇ ಊಟ ಆಯ್ತು’ ಎಂದಿದ್ದೇನೆ. ಟೀಚರಾಗಿದ್ದಾಗ ತಪಾಸಣೆಗೆ ಬಂದ ಅಧಿಕಾರಿಗಳ ಮುಂದೆ, ಪಾಠವೆಲ್ಲ ಮುಗಿದಿದೆ ಎಂದು ಕಣ್ಣು ಮಿಟುಕಿಸದೆ ಹೇಳಿದ್ದೇನೆ. ಆದರೆ ಅರ್ಜಿ ನಮೂನೆಯೊಂದು ಎದುರಿಗೆ ಬಂದರೆ ಸಾಕು, ನಾನು ಸತ್ಯಸಂಧೆಯಾಗಿಬಿಡುತ್ತೇನೆ. ಈ ದುರಭ್ಯಾಸ ನನ್ನನ್ನು ಎಂಥ ಪೇಚಿಗೆ ಸಿಕ್ಕಿಸಿತು ಎಂಬುದನ್ನು ನಿಮ್ಮಲ್ಲಿ ಹೇಳಿಕೊಳ್ಳದೆ ಇನ್ಯಾರಲ್ಲಿ ಹೇಳಲಿ?

ನನ್ನ ತಂಗಿ ರೇವತಿ ಆಫ್ರಿಕಾದ ಒಂದು ದೇಶದಲ್ಲಿದ್ದಾಳೆ. ದೇಶದ ಹೆಸರು ಹೇಳುವುದಿಲ್ಲ. ಮತ್ತೆ ಅಲ್ಲಿಗೆ ಹೋಗುವ ಆಸೆಯಿದೆ. ಅರ್ಜಿ ಹಾಕುವವರು ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು. ಅವಳ ಗಂಡ ಅಲ್ಲೊಂದು ಕಾಫಿ ಎಸ್ಟೇಟಿನ ಮ್ಯಾನೇಜರ್. ಮದುವೆಯಾಗಿ ಹದಿಮೂರು ವರ್ಷದ ಮೇಲೆ, ಎರಡು ಸಲ ನಿಂತ ಬಸಿರು ಕೈತಪ್ಪಿ ಹೋದ ಮೇಲೆ, ಹೋದ ವರ್ಷ ಅವಳು ಮತ್ತೆ ಬಸುರಿಯಾದಳು. ನಮಗೆ ಅಮ್ಮ ಇಲ್ಲ. ಅವಳು ಊರಿಗೆ ಬರೋಣವೆಂದರೆ ಡಾಕ್ಟರು ಪ್ರಯಾಣವೇ ಬೇಡ ಎಂದರು. ಫೋನಿನಲ್ಲಿ ಅವಳು ಕೇಳಿದ್ದು ಒಂದೇ:

“ಅಕ್ಕ, ಹೆರಿಗೆ ಹೊತ್ತಿಗೆ ನೀ ನನ್ನೊಟ್ಟಿಗೆ ಇರೊಕು. ಬೇರೆ ಎಂಥದೂ ಬೇಡ.”

ಬಂದೇ ಬರುತ್ತೇನೆ ಎಂದೆ. ಆ ದೇಶಕ್ಕೆ ಹೋಗಲು ನಮ್ಮಂಥವರಿಗೆ ವೀಸಾ ಬೇಡ ಎಂದು ಎಲ್ಲೋ ಓದಿದ ಧೈರ್ಯ. ಮೂರ್ನಾಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಲತೀಫನ ಹತ್ತಿರ ಟಿಕೆಟ್ ಮಾಡಿಸಲು ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನದೇ ತಲೆ ನರೆತಿದೆ. ಅವನು ಪರದೆ ನೋಡಿ ಹೇಳಿದ:

“ವೀಸಾ ಬೇಡ ಟೀಚರೇ. ಆದ್ರೆ ವೀಸಾ ಬೇಡದವ್ರು ಹೊರಡೋ ಮುಂಚೆ ಅನುಮತಿ ತಗೋಬೇಕಂತೆ. ಹೊಸ ನಿಯಮ.”

“ಹಾಗಾದ್ರೆ ಅದು ವೀಸಾ ಅಲ್ವಾ?”

“ಅಲ್ಲ. ವೀಸಾಕ್ಕೆ ಕೊಡೋ ಕಾಗದ ಎಲ್ಲಾ ಇದಕ್ಕೂ ಕೊಡ್ಬೇಕು, ಅಷ್ಟೇ.”

ನಮ್ಮ ಕೊಡಗಿನಲ್ಲಿ ಹಿರಿಯರು ಹಿಂದೆ ಗಡಿಗಳಲ್ಲಿ ಕಡಂಗ ತೋಡುತ್ತಿದ್ದರು. ಆನೆ ಬಿದ್ದರೂ ಮೇಲೇಳದಂಥ ಕಂದಕ. ಈಗ ಹಲವು ಕಡೆ ಮುಚ್ಚಿಹೋಗಿವೆ, ಕೆಲವು ತೋಟಗಳ ನಡುವೆ ಇನ್ನೂ ಇವೆ. ಅದೊಂದು ಪ್ರಾಮಾಣಿಕ ವ್ಯವಸ್ಥೆ ಎಂದು ನನಗೆ ಆ ದಿನ ಅನ್ನಿಸಿತು. ಕಡಂಗ ಯಾರಿಗೂ ‘ದಯಮಾಡಿಸಿ, ತಮಗೆ ಮುಕ್ತ ಸ್ವಾಗತ’ ಎಂದು ಹೇಳುತ್ತಿರಲಿಲ್ಲ. ಈಗಿನ ದೇಶಗಳು ಕಂದಕವನ್ನೂ ತೋಡುತ್ತವೆ, ಅದರ ಮೇಲೆ ರಂಗೋಲಿಯನ್ನೂ ಹಾಕುತ್ತವೆ. ಅಲ್ಲೇ ನೆಲೆಸಿರುವ ನನ್ನ ತಂಗಿಯ ಗಂಡ ರಜೆಗೆ ಬಂದು ತನ್ನ ಮನೆಗೆ ತಾನು ಮರಳುವಾಗಲೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕಂತೆ.

ಇರಲಿ, ಅರ್ಜಿ ತುಂಬಲು ಕುಳಿತೆವು. ಭೇಟಿಯ ಉದ್ದೇಶ ಎಂಬಲ್ಲಿ ಪ್ರವಾಸ, ವ್ಯಾಪಾರ, ಸಮ್ಮೇಳನ ಎಲ್ಲ ಇದ್ದವು. ಬಾಣಂತನ ಇರಲಿಲ್ಲ. ಲತೀಫ್ ಪ್ರವಾಸವನ್ನು ಗುರುತು ಮಾಡಿದ. ಎಣ್ಣೆ ಹಚ್ಚಿ ನೀರು ಹಾಕುವುದನ್ನು ಪ್ರವಾಸವೆಂದು ಒಪ್ಪಿಕೊಳ್ಳುವಾಗ ನನಗೆ ಅಳುಕಾಯಿತು. ಆ ಪಾಪ ತೊಳೆದುಕೊಳ್ಳುವ ಆತುರದಲ್ಲೇ ನಾನು ಮುಂದಿನ ಪ್ರಶ್ನೆಗೆ ಬಿದ್ದದ್ದು: ನೀವು ಬಂದೂಕು ಹೊಂದಿದ್ದೀರಾ?

“ಇಲ್ಲ ಅಂತ ಹಾಕ್ಲಾ ಟೀಚರೇ? ಉಂಟು ಅಂದ್ರೆ ಅಲ್ಲಿಯವ್ರು ಹೆದರ್ತಾರೆ.”

“ಉಂಟಲ್ಲ. ಉಂಟು ಅಂತ್ಲೇ ಹಾಕು.”

ಅಪ್ಪನ ಕಾಲದ ಕೋವಿ ಅದು. ಕಾಡುಹಂದಿಗಳೂ ಅದಕ್ಕೀಗ ಹೆದರುವುದಿಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಒರೆಸಿ, ನಳಿಗೆಯ ಬಾಯಿಗೆ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಉಳಿದ ದಿನ ಗೋಡೆಯಲ್ಲಿ ತೂಗುತ್ತಿರುತ್ತದೆ. ಕೊಡಗಿನ ಮನೆಯಲ್ಲಿ ಅದಿಲ್ಲ ಎಂದರೆ ನಾಚಿಕೆ. ಇದೆ ಎಂದರೆ ಇನ್ನೊಂದು ದೇಶದ ಕಂಪ್ಯೂಟರಿಗೆ ಎದೆ ನಡುಗುತ್ತದೆ ಎಂದು ನನಗೇನು ಗೊತ್ತು?

ಮೂರು ದಿನದಲ್ಲಿ ಬರಬೇಕಾದ ಅನುಮತಿಯ ಬದಲು ಒಂದು ಪ್ರಶ್ನೆ ಬಂತು: ಬಂದೂಕಿನ ಲೈಸೆನ್ಸ್ ಕಳುಹಿಸಿ. ಇಲ್ಲಿದೆ ನೋಡಿ ತಮಾಷೆ. ನಮ್ಮದು ಜಮ್ಮಾ, ಅಂದರೆ ಅರಸರ ಕಾಲದಿಂದ ವಂಶಕ್ಕೆ ಬಂದ ಜಮೀನಿರುವ ಮನೆ. ಅಂಥವರಿಗೆ ಇಲ್ಲಿ ಕೋವಿಗೆ ಲೈಸೆನ್ಸ್ ಬೇಡ. ಬೇಡ ಎಂಬುದಕ್ಕೆ ಸರ್ಕಾರದ ವಿನಾಯಿತಿ ಪತ್ರವೊಂದು ಬೇಕು. ಅದನ್ನೇ ಕಳುಹಿಸಿದೆ. ಮತ್ತೆ ಉತ್ತರ ಬಂತು: ಇದರಲ್ಲಿ ಲೈಸೆನ್ಸ್ ಬೇಡ ಎಂದಿದೆ, ದಯವಿಟ್ಟು ಲೈಸೆನ್ಸ್ ಕಳುಹಿಸಿ. ಅತ್ತ ಕೂತವರ ಮೇಲೆ ಸಿಟ್ಟು ಬಂದರೂ ಬೈಯುವ ಹಕ್ಕು ನನಗಿರಲಿಲ್ಲ. ಬೇಡದ್ದಕ್ಕೆ ಕಾಗದ ಕೇಳುವ ಕಲೆಯಲ್ಲಿ ನಾವು ಅವರಿಗಿಂತ ಹಿರಿಯರು.

ಟಿಕೆಟನ್ನು ಎರಡು ಸಲ ಮುಂದೂಡಿದೆ. ದಿನಾ ಬೆಳಿಗ್ಗೆ ಲತೀಫನ ಅಂಗಡಿಗೆ ಹೋಗಿ ಕೂರುವುದು, ‘ಪರಿಶೀಲನೆಯಲ್ಲಿದೆ’ ಎಂಬ ಮಾತನ್ನು ಓದುವುದು, ವಾಪಸು ಬರುವುದು. ರೇವತಿ ಮಾತ್ರ ಬೇಸರ ತೋರಿಸಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ದಿನ ತುಂಬಲು ಇನ್ನೂ ಎರಡು ವಾರವಿರುವಾಗ ಒಂದು ಮಧ್ಯಾಹ್ನ, ಅದೇ ಅಂಗಡಿಯಲ್ಲಿ ಕೂತಿದ್ದಾಗಲೇ ಅವಳ ಗಂಡನ ಫೋನ್ ಬಂತು. ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ. ಅವಳೊಂದಿಗೆ ಇದ್ದವಳು ಮರಿಯಾ, ಅವರ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಪಿಕಿಂಗ್ ನೋಡಿಕೊಳ್ಳುವ ಹೆಂಗಸು. ರಾತ್ರಿಯಿಡೀ ಕೈ ಬಿಡದೆ ಕೂತಿದ್ದಳಂತೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾನು ಅತ್ತೆ. ಸಂತೋಷ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚು ನಾಚಿಕೆ ಇತ್ತು. ಒಂದು ‘ಇಲ್ಲ’ ಹೇಳಿದ್ದರೆ ಆ ಕೈ ನನ್ನದಾಗಿರುತ್ತಿತ್ತು. ಲತೀಫ್ ಚಹಾ ತರಿಸಿದ.

ಮರುದಿನ ಅನುಮತಿ ಬಂತು. ಕೋವಿಯ ವಿಷಯ ಏನಾಯಿತೋ, ಅದರ ಸುದ್ದಿಯೇ ಇರಲಿಲ್ಲ. ಆ ದೇಶದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ಮುಖವನ್ನೂ ನೋಡದೆ ಮುದ್ರೆ ಒತ್ತಿದ. ನಾನು ಎದೆಗವಚಿಕೊಂಡಿದ್ದ ಕಾಗದಗಳ ಕಟ್ಟನ್ನು ಅವನಿಗೆ ಬಲವಂತವಾಗಿ ತೋರಿಸೋಣವೆನ್ನಿಸಿತು.

ಮನೆ ಮುಟ್ಟಿದಾಗ ಮಗುವಿಗೆ ಆರು ದಿನ. ಚೀಲ ಅಲ್ಲೇ ಬಿಸಾಕಿ ಕೋಣೆಗೆ ನುಗ್ಗಹೋದರೆ, ಬಾಗಿಲಿಗೆ ಅಡ್ಡವಾಗಿ ಒಬ್ಬ ದಪ್ಪನೆಯ ಹೆಂಗಸು ನಿಂತಿದ್ದಳು. ಮರಿಯಾ ಇವಳೇ ಎಂದು ಯಾರೂ ಹೇಳಬೇಕಾಗಲಿಲ್ಲ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ನನ್ನ ಚಪ್ಪಲಿಯತ್ತ ಬೆರಳು ತೋರಿಸಿದಳು, ಬಿಟ್ಟೆ. ನಲ್ಲಿ ತೋರಿಸಿದಳು, ಕೈಕಾಲು ತೊಳೆದೆ. ಆಮೇಲೆ ನನ್ನ ಎರಡೂ ಅಂಗೈಗಳನ್ನು ಹಿಡಿದು ನೋಡಿ, ಆಗದೆಂದು ತಲೆಯಾಡಿಸಿ, ಅಡುಗೆಮನೆಯ ಒಲೆಯತ್ತ ಕೈ ಮಾಡಿದಳು. ಒಳಗಿನಿಂದ ರೇವತಿಯ ನಗು ಕೇಳಿಸಿತು.

“ಅಕ್ಕ, ಕೈ ತಣ್ಣಗೆ ಉಟ್ಟು ನಿಂದು. ಬೆಚ್ಚಗೆ ಮಾಡ್ಕಂಡ್ ಬಾ. ಮಗೂನ ಅಪ್ಪಂಗೂ ಅದೇ ಕಾನೂನು.”

ಕೈ ಬೆಚ್ಚಗಿದೆಯೇ ಎಂಬುದು ಅಷ್ಟು ಪುಟಗಳ ಅರ್ಜಿಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ನಾನು ತಕರಾರಿಲ್ಲದೆ ಒಲೆಯ ಮುಂದೆ ಅಂಗೈ ಚಾಚಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಮರಿಯಾ ಬಂದು ಇನ್ನೊಮ್ಮೆ ಮುಟ್ಟಿ ನೋಡಿ, ಮಗುವನ್ನು ತಂದು ನನ್ನ ಕೈಗೆ ಕೊಟ್ಟಳು.