ಬೇವಿಗೆ ಬೆನ್ನು ಕೊಟ್ಟು

ಬನಹಟ್ಟಿಯ ನಮ್ಮ ಓಣಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು ಏಳುವ ಮೊದಲೇ ನಾನು ಎದ್ದಿರುತ್ತೇನೆ. ಜಮಖಂಡಿಯಲ್ಲಿ ನರ್ಸ್ ಕೆಲಸ ಮಾಡಿ ನಿವೃತ್ತಳಾದ ಮೇಲೂ ಆ ಶಿಸ್ತು ಬಿಟ್ಟಿಲ್ಲ. ಅಂಗಳ ಗುಡಿಸುವುದು, ಸ್ನಾನ, ಚಹಾ, ಆಮೇಲೆ ಮಾತು. ಕಳೆದ ಮುಂಗಾರಿನ ಹೊತ್ತಿಗೆ ಒಂದು ಬೆಳಿಗ್ಗೆ ಮಾತ್ರ ಪೊರಕೆ ಕೈಯಲ್ಲಿದ್ದಾಗಲೇ ಮಾತು ಶುರುವಾಯಿತು.

ಎದುರು ಮನೆಯ ನೇಕಾರ ಬಾಚಿ ಹಿಡಿದು ಓಣಿಯ ಬೇವಿನ ಮರವನ್ನು ಕೆತ್ತುತ್ತಿದ್ದ. ಕೈಮಗ್ಗ ಉಳಿಸಿಕೊಂಡ ಕೆಲವೇ ಮನೆಗಳಲ್ಲಿ ಅವನದೂ ಒಂದು. ಸೀರೆಯ ಹಾಸಿಗೆ, ಅಂದರೆ ಉದ್ದೆಳೆಯ ನೂಲಿಗೆ, ಗಂಜಿ ಹಚ್ಚಿ, ಓಣಿಯುದ್ದಕ್ಕೂ ಬಿಗಿದು ಒಣಗಿಸುವಾಗ ಒಂದು ತುದಿಯ ಹಗ್ಗವನ್ನು ಈ ಬೇವಿಗೆ ಕಟ್ಟುವುದು ಅವನ ತಂದೆಯ ಕಾಲದ ರೂಢಿ. ಅಂಚಿನ ಎಳೆಗಳು ಒರಟು ತೊಗಟೆಗೆ ಉಜ್ಜಿ ಹರಿಯುತ್ತಿದ್ದವು. ಅದಕ್ಕೇ ಅವನು ಮರವನ್ನು ಮಗ್ಗದ ದಿಂಡಿನಂತೆ ನುಣ್ಣಗೆ ಮಾಡಲು ಹೊರಟಿದ್ದ. ಎದೆಯೆತ್ತರದಲ್ಲಿ, ಸುತ್ತಲೂ.

“ಸತ್ತ ತೊಗಲ್ರೀ ಅಕ್ಕಾರ,” ಎಂದ. “ಉಗುರು ತಗದಂಗ.”

ಅರ್ಧ ಖರೆ. ಹೊರಗಿನ ಒರಟು ಸತ್ತದ್ದೇ. ಅದರ ಕೆಳಗೊಂದು ಪದರ ಹೊರಮುಖವಾಗಿ ಜೀವಕೋಶಗಳನ್ನು ಕಟ್ಟುತ್ತದೆ. ಅವು ಮೇಣದಂಥ ಪದಾರ್ಥವನ್ನು ತುಂಬಿಕೊಂಡು ಸಾಯುತ್ತವೆ, ಸತ್ತೇ ಬಿಸಿಲನ್ನೂ ಹುಳವನ್ನೂ ತಡೆಯುತ್ತವೆ. ಒಳಗಿನ ಕಾಂಡ ದಪ್ಪವಾದಂತೆ ಆ ಗೋಡೆ ಸೀಳುತ್ತದೆ, ಅಡಿಯಲ್ಲಿ ಮತ್ತೊಂದು ಏಳುತ್ತದೆ. ಆದರೆ ಅವನ ಬಾಚಿ ಸತ್ತದ್ದನ್ನು ದಾಟಿ ಎಲೆಯ ಸತ್ವ ಬೇರಿಗೆ ಇಳಿಯುವ ಹಸಿ ತೊಗಟೆಯನ್ನೂ ಸುಲಿದಿತ್ತು. ಅಲ್ಲಲ್ಲಿ ಬಿಳಿ ಮರವೇ ಕಾಣುತ್ತಿತ್ತು. ಉಂಗುರ ಪೂರ್ತಿಯಾದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ.

ಸುಲಿಯದೆ ಉಳಿದಿದ್ದು ನನ್ನ ಬೆನ್ನಿನಷ್ಟು ಅಗಲ. ಅಲ್ಲಿಗೇ ಬೆನ್ನು ಕೊಟ್ಟು ನಿಂತೆ.

“ಸರೀರಿ, ಹಾಸು ಹಾಕೂದೈತಿ.”

“ಹಾಕು. ನನ್ನ ಸೊಂಟಕ್ಕ ಕಟ್ಟು ಹಗ್ಗ.”

ಕಟ್ಟೆಯ ಮೇಲಿದ್ದವರು ನಕ್ಕರು. ಅವನು ಬಾಚಿಯನ್ನು ಹೆಗಲಿಗೇರಿಸಿ ಒಳಗೆ ಹೋದ.

ಮಧ್ಯಾಹ್ನ ಓಣಿಯ ಹಿರಿಯರು ಸೇರಿದರು. ಮರ ಹೇಗಿದ್ದರೂ ಒಣಗುತ್ತದೆ, ಗಾಳಿಗೆ ತಗಡಿನ ಮೇಲೆ ಬೀಳುತ್ತದೆ, ಈಗಲೇ ಕಡಿದು ಸಿಮೆಂಟ್ ಕಂಬ ನಿಲ್ಲಿಸಿದರೆ ಹಾಸಿಗೂ ಅನುಕೂಲ ಎಂಬುದು ಅವರ ವಾದ. ಜೀವ ಹೋಗುವ ಮೊದಲೇ ಹೆಣ ಎತ್ತುವ ರೂಢಿ ನನ್ನ ವಾರ್ಡಿನಲ್ಲಿರಲಿಲ್ಲ ಎಂದೆ. ಕೊನೆಗೆ ದೀಪಾವಳಿಯವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಎಲೆ ಬಾಡಿದರೆ ಕೊಡಲಿ.

ಮರದ ಗಾಯ ಮೈಯ ಗಾಯದಂತಲ್ಲ. ಬರಿ ಮರ ಕಂಡ ಕಡೆ ಅದು ವಾಸಿಯಾಗುವುದಿಲ್ಲ. ಅಂಚಿನಿಂದ ತುಟಿಯಂತೆ ಹೊಸ ಅಂಗಾಂಶ ಉಬ್ಬಿ ನಿಧಾನವಾಗಿ ಮುಚ್ಚುತ್ತದೆ. ಜಾರುವ ತೆಳು ಜೀವಪದರ ಉಳಿದ ಕಡೆ ಮಾತ್ರ ಅಲ್ಲಿಯೇ ಹೊಸ ತೊಗಟೆ ಏಳಬಹುದು, ಅದೂ ಒಣಗದಿದ್ದರೆ. ಹಾಗಾಗಿ ನನ್ನ ಹಳೆಯ ಬಿಳಿ ಸೀರೆಯನ್ನು ತೋಯಿಸಿ ಸಡಿಲವಾಗಿ ಸುತ್ತಿದೆ, ಮೇಲೊಂದು ಪ್ಲಾಸ್ಟಿಕ್ ಹಾಳೆ. ಬೆಳಿಗ್ಗೆ ಗುಡಿಸಿದ ಮೇಲೆ ನೀರು, ಸಂಜೆ ದೀಪ ಹಚ್ಚುವ ಮುಂಚೆ ನೀರು. ಬೇವಿಗೆ ಸೀಮಂತವೋ ಬಾಣಂತನವೋ ಎಂದು ಹೆಂಗಸರು ಕೇಳಿದರು. ಎರಡೂ ನಾನೇ ಮಾಡಿಸುತ್ತೇನೆ ಎಂದೆ. ಗಾಯದಿಂದ ಅಂಟು ಸುರಿದಾಗ ನನಗೂ ಧೈರ್ಯ ಕುಸಿದಿತ್ತು. ಮುಖದಲ್ಲಿ ತೋರಿಸಲಿಲ್ಲ, ಅದೂ ವಾರ್ಡಿನಲ್ಲೇ ಕಲಿತದ್ದು. ನೇಕಾರ ಮಾತ್ರ ಕಬ್ಬಿಣದ ಗೂಟ ಹೊಡೆದು ಹಾಸು ಬಿಗಿಯುತ್ತಿದ್ದ. ಮಳೆಗೆ ನೆಲ ಮೆತ್ತಗಾಗಿ ಗೂಟ ವಾಲುತ್ತಿತ್ತು, ಹಾಸು ಜೋತುಬೀಳುತ್ತಿತ್ತು, ಅವನ ಬೈಗುಳ ನನ್ನ ಬಾಗಿಲವರೆಗೂ ಬರುತ್ತಿತ್ತು.

ದೀಪಾವಳಿಯ ಹಿಂದಿನ ದಿನ ಹಿರಿಯರ ಎದುರೇ ಮರಕ್ಕೆ ಸುತ್ತಿದ್ದ ಸೀರೆ ಬಿಚ್ಚಿದೆ. ನಡುವೆ ಕೈಯಗಲದ ಬರಿ ಮರ ಬೂದಿಬಣ್ಣಕ್ಕೆ ತಿರುಗಿತ್ತು. ಅದು ಹೋಯಿತು, ಹೋಗಿದ್ದನ್ನು ಹೋಯಿತೆಂದೇ ಹೇಳಿದೆ. ಆದರೆ ಅದರ ಎರಡೂ ಬದಿಗೆ ತುಟಿ ಉಬ್ಬಿತ್ತು, ಅದರಾಚೆ ಕಂದು ಬಣ್ಣದ ತೆಳು ತೊಗಟೆ ಹಬ್ಬಿತ್ತು. ಮೇಲೆ ಎಲೆ ಹಸಿರಾಗಿಯೇ ಇತ್ತು. ಹಿರಿಯರು ಮೇಲೊಮ್ಮೆ ಕೆಳಗೊಮ್ಮೆ ನೋಡಿ, ಕೊಡಲಿಯ ಮಾತು ಬಿಟ್ಟು ಹಬ್ಬದ ಸಂತೆಯ ಮಾತೆತ್ತಿದರು.

ನೇಕಾರ ಎಳೆಯ ಬಿಗಿ ನೋಡುವ ಹೆಬ್ಬೆರಳಿನಿಂದಲೇ ಹೊಸ ತೊಗಟೆಯನ್ನು ಸವರಿದ.

“ನಾ ಬೇಕಂದಷ್ಟು ನುಣ್ಣಗೈತಲ್ಲರೀ. ಇಲ್ಲೇ ಕಟ್ಟಲಿ?”

“ಮುಟ್ಟಬ್ಯಾಡ. ಅದು ಇನ್ನ ಹಸಗೂಸು.”

“ಮತ್ತ ಯಾವಾಗ್ರೀ?”

“ಒರಟಾದ ಮ್ಯಾಲ ಕಟ್ಟು,” ಎಂದು ಮನೆಯಿಂದ ಹಳೆಯ ಕೌದಿ ತಂದು ಅವನ ಹೆಗಲ ಮೇಲೆ ಹಾಕಿದೆ. “ಎಳಿ ಹರೀತಂದ್ರ ಇದನ್ನ ಸುತ್ತು. ಬಾಚಿ ಇನ್ನ ನನ್ನ ಮನ್ಯಾಗ ಇರಲಿ.”

ಅವನು ನನ್ನನ್ನೂ ಕೌದಿಯನ್ನೂ ನೋಡಿದ. ಆಮೇಲೆ ಬಾಚಿ ತಂದು ನನ್ನ ಹೊಸ್ತಿಲಲ್ಲಿ ಇಟ್ಟು ಹೋದ. ಅದು ಈಗಲೂ ನನ್ನ ಪೊರಕೆಯ ಪಕ್ಕದಲ್ಲಿದೆ. ಕೇಳಿದರೂ ಕೊಡುವುದಿಲ್ಲ.