ಗೇಟಿನ ಹೊರಗೆ ಗಂಗೆಪೂಜೆ

"ವಾಕಿಂಗ್‌ನವ್ರಿಗೆ ಮಾತ್ರ ಕಣಮ್ಮ, ಪೂಜೆಗೀಜೆಗೆಲ್ಲ ಬಿಡಲ್ಲ," ಎನ್ನುತ್ತ ಕಾವಲುಗಾರ ಕೆರೆಯ ಗೇಟಿಗೆ ಅಡ್ಡ ನಿಂತ. ಕೆ.ಆರ್. ಪುರದ ಬಳಿಯ ಆ ಏರಿಯ ಮೇಲಿನ ನಡಿಗೆ ನನಗೆ ಬಲು ಇಷ್ಟ. ಹೊರಗಿದ್ದವರು ಕೂಸು ಎತ್ತಿಕೊಂಡ ಬಾಣಂತಿ ಮತ್ತು ಅರಿಸಿನ ಕುಂಕುಮದ ತಟ್ಟೆ ಹಿಡಿದ ಅವಳ ಅಜ್ಜಿ. ಹೆರಿಗೆಯ ನಂತರ ಪದ್ಧತಿಯಂತೆ ಗಂಗೆಯನ್ನು ಪೂಜಿಸಲು ಬಂದಿದ್ದರು.

"ನಮ್ಮೂರ ಕೆರೆ ಕಣಪ್ಪ. ನನ್ ಗಂಗೆಪೂಜೇನೂ ಇಲ್ಲೇ ಆಗಿದ್ದು," ಎಂದರು ಅಜ್ಜಿ.

ನನ್ನೊಡನೆ ನಡೆಯುತ್ತಿದ್ದ ಗೆಳೆಯರೊಬ್ಬರು, "ಗಲೀಜ್ ಮಾಡ್ತಾರೆ, ಬಿಡ್ಬೇಡ್ರೀ," ಎಂದರು. ಅಜ್ಜಿ ಎದುರಿನ ಟೀ ಅಂಗಡಿಗೆ ಹೋಗಿ, ಅಲ್ಲಿದ್ದ ನೀರಿನ ಕ್ಯಾನಿಗೆ ಅರಿಸಿನ ಹಚ್ಚಿ, ಮೊಮ್ಮಗಳಿಂದ ಕೈ ಮುಗಿಸಿದರು.

ಆ ಗೆಳೆಯರ ಜೊತೆ ಈಗ ನಡೆಯುವುದಿಲ್ಲ. ಆದರೆ ಒಳಗೆ ಬಿಡಿ ಎನ್ನಲು ಅಂದು ನನಗೂ ಬಾಯಿತ್ತು. ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.