ಸುಟ್ಟ ಚಿಪ್ಪಿನೊಳಗೆ ಉಳಿದ ಹಕ್ಕಿ

ಶಿಕಾರಿಪುರದಲ್ಲಿ ನಾನು, ನನ್ನ ಸೊಸೆ ಮದುವೆ ರವಿಕೆಗಳಿಗೆ ಕಸೂತಿ ಹಾಕಿಕೊಡುತ್ತೇವೆ. ಮೊದಲೆಲ್ಲ ಕೈಯಲ್ಲೇ ಹಾಕುತ್ತಿದ್ದೆ. ಕಣ್ಣು ಮಂಜಾದ ಮೇಲೆ ಸೊಸೆ ಕಂಪ್ಯೂಟರ್ ತಂದು ಕಸೂತಿ ಯಂತ್ರಕ್ಕೆ ಜೋಡಿಸಿದಳು. ಗುಡವಿ ಕೆರೆಯ ಕೊಕ್ಕು ಬಾಗಿದ ಬಿಳಿ ಹಕ್ಕಿ, ಸಾಲಿಗೆ ಏಳು. ಅದು ನಾನೇ ಕಟ್ಟಿದ ಚಿತ್ರ. ಅದನ್ನು ಕಂಪ್ಯೂಟರಿಗೆ ಇಳಿಸಲು ಅವಳಿಗೆ ಎರಡು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಹಿಂದಿನ ಬೀದಿಯ ಹೊಲಿಗೆಯವಳು ಅದೇ ಹಕ್ಕಿ ಹಾಕತೊಡಗಿದಳು. ನನ್ನ ರವಿಕೆಯೊಂದರ ಫೋಟೊ ತೆಗೆದು ತನ್ನ ಯಂತ್ರಕ್ಕೆ ಇಳಿಸಿಕೊಂಡಿದ್ದಳು. ಮಹಿಳಾ ಸಂಘದ ಸಭೆಯಲ್ಲಿ ಎಲ್ಲರೆದುರು ಅವಳನ್ನು ಕಳ್ಳಿ ಎಂದೆ. ಮನೆಗೆ ಬಂದು ಸೊಸೆಗೆ ಹೇಳಿದೆ:

"ನಮ್ ಕಂಪ್ಯೂಟರಿಂದ ಯಾರೂ ಕದಿಯಂಗಿರಬಾರ್ದು. ಬೀಗ ಹಾಕು."

"ಬೀಗದ ಕೀಲಿನ ಇದರ ಪ್ರೊಸೆಸರಿಗೇ ಕಟ್ಟಿಹಾಕೋದು ಐತೆ ಅತ್ತೆ. ಬೇರೆ ಕಂಪ್ಯೂಟರಲ್ಲಿ ತೆಗಿಯಾಕೇ ಬರಲ್ಲ. ಬೀಗ ಇಲ್ದಿರೋ ನಕಲು ಒಂದು ಬೇರೆ ಇಟ್ಕಳಣ?"

"ಬ್ಯಾಡ. ಒಂದಿದ್ರೆ ಹತ್ತಾಗ್ತಾವೆ."

ನನ್ನ ಕಾಗದದ ನಕ್ಷೆಯನ್ನೂ ಅವತ್ತೇ ಒಲೆಗೆ ಹಾಕಿದೆ.

ಸೊರಬ ಕಡೆ ಹೊಸಬಾಳೆಯ ಮದುವೆಯೊಂದಕ್ಕೆ ಈ ಹಕ್ಕಿಯೇ ಬೇಕೆಂದರು. ಧಾರೆ ಸೀರೆಯ ಜೊತೆ ಬಂದ ತುಂಡು ಬಟ್ಟೆ. ಕೆಟ್ಟರೆ ಇನ್ನೊಂದಿಲ್ಲ. ಒಂದು ತೋಳು ಮುಗಿದಿತ್ತು. ಮಂಗಳವಾರ ಮಧ್ಯಾಹ್ನ ಕರೆಂಟು ಹೋಗಿ ದಢಕ್ಕನೆ ಬಂತು, ಕಂಪ್ಯೂಟರ್ ಸತ್ತಿತು. ಮದುವೆ ಭಾನುವಾರ.

ರಿಪೇರಿಯವನು ಬಿಚ್ಚಿ ನೋಡಿದ. ಪ್ರೊಸೆಸರ್ ಚಿಪ್ಪು ಸುಟ್ಟಿದೆ, ಡಿಸ್ಕು ಚೆನ್ನಾಗಿದೆ ಎಂದ. ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಹಕ್ಕಿಯ ಹೆಸರು ಕಂಡಿತು, ಹಕ್ಕಿ ತೆರೆಯಲಿಲ್ಲ.

"ಒಳಗೆ ಐತಲ್ಲಪ್ಪ?" ಎಂದೆ.

"ಐತಜ್ಜಿ. ಕೀಲಿ ಮಾತ್ರ ಆ ಸುಟ್ಟ ಚಿಪ್ಪಿನಾಗೇ ಇತ್ತು. ಅಂಥದೇ ಇನ್ನೊಂದು ಹಾಕಿದ್ರೂ ಅದರ ಕೀಲಿ ಬೇರೆ."

"ಒಡಿ ಮತ್ತೆ."

"ಒಡಿಯಾಕೆ ಬರಬಾರ್ದು ಅಂತ್ಲೇ ಮಾಡಿರೋದು."

"ಚಿತ್ರ ನಂದು ಕಣೋ!"

"ಆ ಬೀಗಕ್ಕೆ ನೀವ್ಯಾರು ಅಂತ ಗೊತ್ತಿಲ್ರೀ. ಆ ಚಿಪ್ಪು ಗೊತ್ತು, ಅಷ್ಟೆ."

ಸೊಸೆ ಗೋಡೆಗೆ ಒರಗಿ ನಿಂತಳು. ನಕಲು ಬೇಡವೆಂದವಳು ನಾನೇ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮನೆಗೆ ಬಂದು ಸೂಜಿ ಹಿಡಿದು ನೋಡಿದೆ. ದಾರ ಪೋಣಿಸಲಿಕ್ಕೇ ಆಗಲಿಲ್ಲ. ಮುಗಿದ ತೋಳು ನೋಡಿ ಮತ್ತೆ ಕಂಪ್ಯೂಟರಿಗೆ ಇಳಿಸೋಣವೆಂದರೆ ಸೊಸೆಗೆ ಅದು ಎರಡು ತಿಂಗಳ ಕೆಲಸ.

ಹಕ್ಕಿ ಇದ್ದದ್ದು ಇನ್ನೊಂದೇ ಮನೆಯಲ್ಲಿ. ಸಂಜೆ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಹಿಂದಿನ ಬೀದಿಗೆ ಹೋದೆ.

"ಏನಕ್ಕಾ, ಕಳ್ಳಿ ಮನೆಗೆ ಬಂದ್ರಲ್ಲ! ಚಪ್ಲಿ ಕೈಯಾಗೇ ಇಟ್ಕಳ್ರಿ, ಅದನ್ನೂ ಕದ್ದೇನು," ಎಂದಳು ಅವಳು.

"ಒಂದು ತೋಳು ಹಾಕ್ಕೊಡು. ನನ್ನ ಹಕ್ಕಿ."

"ನಿಮ್ ಹಕ್ಕಿ ನನ್ ಹತ್ರ ಎಲ್ಲೈತೆ? ಇರೋದು ನಂದು. ನಾಳೆ ಸಂಘದ ಸಭೆ ಐತಲ್ಲ, ಅಲ್ಲೇ ಹೇಳ್ರಿ, ಚಿತ್ರ ಇವಳದ್ದು, ನಾನು ಸುಮ್ನೆ ದೂರಿದೆ ಅಂತ. ಸಂಜಿಗೆ ತೋಳು ತಗಂಡೋಗ್ರಿ."

ದುಡ್ಡು ಎಷ್ಟಾದರೂ ಕೊಡುತ್ತೇನೆಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ.

ಮರುದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಸುಳ್ಳು ಎಂದು ಗೊತ್ತಿದ್ದೇ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಮಾತು ಉಳಿಸಿಕೊಂಡಳು. ಸಂಜೆಗೆ ತೋಳು ಸಿದ್ಧವಿತ್ತು. ಅವಳ ಹಕ್ಕಿಯ ಕತ್ತು ಒಂದು ಎಳೆ ಉದ್ದ. ಹೊಸಬಾಳೆಯವರಿಗೆ ಅದು ಕಾಣಲಿಲ್ಲ, ಹುಡುಗಿ ತೊಟ್ಟುಕೊಂಡು ಧಾರೆಗೆ ಕೂತಳು.

ಈಗ ಹಕ್ಕಿ ಬೇಕೆನ್ನುವವರು ನೆಟ್ಟಗೆ ಹಿಂದಿನ ಬೀದಿಗೆ ಹೋಗುತ್ತಾರೆ. ನಮ್ಮಲ್ಲಿ ಬಳ್ಳಿ, ಮಾವಿನಕಾಯಿ ಹಾಕಿಸುವವರು ಬರುತ್ತಾರೆ. ಮೊನ್ನೆ ಸೊಸೆ ಹೊಸ ಕಂಪ್ಯೂಟರಿನ ಮುಂದೆ ಕೂತು, "ಹಕ್ಕಿ ಮತ್ತೆ ಬರಿಯಣ ಅತ್ತೆ, ನೀವು ಹೇಳ್ತಾ ಹೋಗ್ರಿ," ಎಂದಳು.

"ಸುಮ್ನಿರು," ಎಂದೆ. "ಬರೆದ್ರೆ ಈಗ ನಾವೇ ಕಳ್ಳರು."